ಕವಚದ ಒಳಮೈ

ಈ ವರ್ಷದ ಬೋಧನಾಭ್ಯಾಸದಲ್ಲಿ ನಾನು ಬಳಸಿದ ಒಂದು ಪಾಠೋಪಕರಣದ ತೂಕ ಸುಮಾರು ಮೂರೂವರೆ ಕಿಲೋ. ಅದನ್ನು ಮಾಡಲು ಹಿಡಿದದ್ದು ಐದು ತಿಂಗಳು. ಪಾಠಯೋಜನೆಯ ಬೋಧನೋಪಕರಣಗಳ ಕಾಲಂನಲ್ಲಿ ‘ಫೋಮ್‌ನಿಂದ ಮಾಡಿದ ಕವಚ, 1’ ಎಂದಷ್ಟೇ ಬರೆದಿದ್ದೆ. ‘ಸ್ಟಾರ್ ವಾರ್ಸ್’ ಕಥಾಲೋಕದ ಮ್ಯಾಂಡಲೋರಿಯನ್ ಯೋಧರ ಕವಚ ಅದು. ಶಿರಸ್ತ್ರಾಣ, ಎದೆ ಮತ್ತು ಬೆನ್ನಿನ ಫಲಕಗಳು, ಭುಜಕವಚ, ಮುಂಗೈಕವಚ, ಮೊಣಕಾಲ ಚಿಪ್ಪು ಎಲ್ಲ ಸೇರಿ ಹದಿನಾಲ್ಕು ಬಿಡಿಭಾಗಗಳು. 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದಲ್ಲಿ ಬೋಬಾ ಫೆಟ್ ಎಂಬ ಪಾತ್ರ ಇಂಥದ್ದನ್ನು ತೊಟ್ಟಿತ್ತು. 2019ರಲ್ಲಿ ‘ದಿ ಮ್ಯಾಂಡಲೋರಿಯನ್’ ಸರಣಿ ಶುರುವಾದ ಮೇಲೆ, ಫೋನಿನಲ್ಲಿ ಓಡುವ ತುಣುಕುಗಳಿಂದಾಗಿ ನಮ್ಮ ಹಳ್ಳಿಯ ಮಕ್ಕಳಲ್ಲೂ ಕೆಲವರಿಗೆ ಅದರ ಗುರುತು ಹತ್ತಿದೆ.

ಪಿಯುಸಿ ಮುಗಿದ ಮೇಲೆ ಎರಡು ವರ್ಷ ಒಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯಲ್ಲಿ ಕೆಲಸ ಮಾಡಿ, ಆ ನಂತರ ಬಿ.ಎಸ್ಸಿ. ಬಿ.ಎಡ್. ಸೇರಿದವಳು ನಾನು. ಸನ್‌ಬೋರ್ಡನ್ನು ಕಟರ್‌ನಿಂದ ನೇರವಾಗಿ ಕೊಯ್ಯುವುದು, ಅಂಚು ಹರಿಯದಂತೆ ಆಗಾಗ ಬ್ಲೇಡ್ ಬದಲಿಸುವುದು ಅಲ್ಲಿ ಕೈಗೆ ಬಂದ ವಿದ್ಯೆ. ಕವಚಕ್ಕೂ ಮುಖ್ಯವಾಗಿ ಬೇಕಾದದ್ದು ಅದೇ. ಮನೆಯಲ್ಲೇ ಇಂಥದ್ದನ್ನು ಮಾಡುವವರು ಹೆಚ್ಚಾಗಿ ಬಳಸುವುದು ಇವಿಎ ಫೋಮ್. ಮಕ್ಕಳು ಕೂತು ಆಡುವ, ಒಂದಕ್ಕೊಂದು ಸಿಕ್ಕಿಸುವ ಮ್ಯಾಟ್ ಇದೆಯಲ್ಲ, ಅದರದ್ದೇ ಪ್ಲಾಸ್ಟಿಕ್. ಹೀಟ್ ಗನ್‌ನಿಂದ ಬಿಸಿಗಾಳಿ ಹಾಯಿಸಿದರೆ ಅದು ಮೆತ್ತಗಾಗುತ್ತದೆ. ಬಾಗಿಸಿ ಹಿಡಿದು ಆರಲು ಬಿಟ್ಟರೆ ಆ ಬಾಗು ಹಾಗೇ ನಿಲ್ಲುತ್ತದೆ. ತುಂಡುಗಳನ್ನು ಕೂಡಿಸುವುದು ಚಪ್ಪಲಿ ರಿಪೇರಿಯವರು ‘ಸೊಲ್ಯೂಷನ್’ ಎನ್ನುವ ಅಂಟಿನಿಂದ. ಎರಡೂ ಅಂಚಿಗೆ ಹಚ್ಚಿ, ಬೆರಳಿಗೆ ಮೆತ್ತದಷ್ಟು ಒಣಗಲು ಬಿಟ್ಟು, ಆಮೇಲೆ ಒತ್ತಬೇಕು. ಅದರ ಆವಿಯೂ ಫೋಮ್ ಉಜ್ಜುವಾಗ ಏಳುವ ದೂಳೂ ಎದೆಗೆ ಒಳ್ಳೆಯದಲ್ಲ. ಹಾಗಾಗಿ ಕೆಲಸವೆಲ್ಲ ಮನೆಯ ಹೊರಗಿನ ಜಗಲಿಯಲ್ಲಿ, ಮಾಸ್ಕ್ ಕಟ್ಟಿಕೊಂಡು. ಮೇಲೆ ನೀರು ಬೆರೆಸಿದ ಬಿಳಿ ಫೆವಿಕಾಲ್ ನಾಲ್ಕು ಪದರ, ಅದರ ಮೇಲೆ ಬೆಳ್ಳಿ ಬಣ್ಣ. ಬಣ್ಣ ಒಣಗಿದ ಮೇಲೆ ಪೆನ್ಸಿಲ್ಲಿನ ಗ್ರಾಫೈಟ್ ಪುಡಿಯನ್ನು ಬಟ್ಟೆಯಿಂದ ಉಜ್ಜಿದರೆ ಫೋಮ್ ಹೋಗಿ ಸವೆದ ಲೋಹವಾಗಿ ಕಾಣುತ್ತದೆ.

ಅದನ್ನು ತೊಟ್ಟು ಮೊದಲು ಹೋದದ್ದು ಬೆಂಗಳೂರಿನ ಕಾಮಿಕ್ ಕಾನ್‌ಗೆ. ಅಕ್ಕಿ ಚೀಲದಲ್ಲಿ ಕವಚ, ಮಡಿಲಲ್ಲಿ ಶಿರಸ್ತ್ರಾಣ, ರಾತ್ರಿ ಬಸ್ಸು, ಜೊತೆಗೆ ತಂಗಿ. ಮೂರು ಗಂಟೆಯಲ್ಲಿ ಎಷ್ಟೋ ಜನ ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ಹೆಚ್ಚಿನವರು ಕರೆದದ್ದು ‘ಬ್ರೋ’ ಎಂದು. ನೀರು ಕುಡಿಯಲು ಶಿರಸ್ತ್ರಾಣ ತೆಗೆದಾಗ, ಪಕ್ಕದಲ್ಲಿದ್ದವರೊಬ್ಬರು ನನ್ನನ್ನು ಬಿಟ್ಟು ತಂಗಿಯನ್ನು ಕೇಳಿದರು: “ಇವರಿಗೆ ಇದನ್ನು ಯಾರು ಮಾಡಿಕೊಟ್ಟದ್ದು?” ಈ ಹವ್ಯಾಸದ ಚರಿತ್ರೆಯಲ್ಲೂ ಈ ಪ್ರಶ್ನೆಗೆ ಜಾಗವಿದೆ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಮೊದಲ ವಿಶ್ವ ವೈಜ್ಞಾನಿಕ ಕಥಾಸಾಹಿತ್ಯ ಸಮ್ಮೇಳನಕ್ಕೆ ಫಾರೆಸ್ಟ್ ಆಕರ್‌ಮನ್ ಭವಿಷ್ಯಕಾಲದ ಉಡುಪು ತೊಟ್ಟು ಹೋದರು ಎಂದು ಅನೇಕರು ನೆನೆಯುತ್ತಾರೆ. ಅವರ ಉಡುಪನ್ನು ಹೊಲಿದವರು, ತಾನೂ ಅಂಥದ್ದೇ ತೊಟ್ಟು ಜೊತೆಗೆ ಹೋಗಿದ್ದ ಮರ್ಟಲ್ ಡಗ್ಲಸ್.

ಕವಚದ ಒಳಗಿರುವುದು ಹೇಗಿರುತ್ತದೆ ಎಂಬುದನ್ನೂ ಹೇಳಬೇಕು. ಶಿರಸ್ತ್ರಾಣದಲ್ಲಿ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ಒಂದು ಕಿಂಡಿ ಮಾತ್ರ ಇದೆ, ಅದಕ್ಕೂ ಕಪ್ಪು ಹಾಳೆ. ನನ್ನ ಕಾಲು ನನಗೆ ಕಾಣುವುದಿಲ್ಲ. ಮೆಟ್ಟಿಲು ಬಂದರೆ ತಂಗಿ ಮೊಣಕೈ ಹಿಡಿದು “ಅಕ್ಕ, ಇಳಿ” ಎನ್ನಬೇಕು. ಸುಮ್ಮನೆ ಕುಳಿತ ಮನುಷ್ಯನ ದೇಹ ಸುಮಾರು 100 ವ್ಯಾಟ್‌ನಷ್ಟು ಶಾಖ ಹೊರಗೆ ಬಿಡುತ್ತದೆ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 2,400 ಜೂಲ್ ಶಾಖ ಒಯ್ಯುತ್ತದೆ. ಬೆವರಿನಿಂದಲೇ ಅಷ್ಟೂ ಶಾಖ ಹೋಗಬೇಕಾದರೆ ಗಂಟೆಗೆ ಸುಮಾರು 150 ಗ್ರಾಂ ಆವಿಯಾಗಬೇಕು. ಫೋಮ್ ಉಷ್ಣದ ಅವಾಹಕ, ಬೆವರಿನ ಆವಿಯನ್ನೂ ಹೊರಗೆ ಬಿಡದು. ಶಿರಸ್ತ್ರಾಣದೊಳಗೆ ಪವರ್ ಬ್ಯಾಂಕಿಗೆ ಸಿಕ್ಕಿಸಿದ 5 ವೋಲ್ಟ್‌ನ ಪುಟ್ಟ ಫ್ಯಾನ್ ಇಲ್ಲದಿದ್ದರೆ ಹತ್ತು ನಿಮಿಷವೂ ಕಷ್ಟ. ನನ್ನ ಮಾತು ಹೊರಗಿನವರಿಗೆ ಮಡಕೆಯೊಳಗಿಂದ ಬಂದಂತೆ ಕೇಳುತ್ತದೆ. ಎಲ್ಲರ ಗಮನ ನನಗೆ ಸಿಗುತ್ತದೆ, ಯಾರಿಗೂ ಗಮನ ಕೊಡಲು ನನಗೆ ಆಗುವುದಿಲ್ಲ.

ಇದೇ ಕಾರಣಕ್ಕೆ ಶಾಲೆಯಲ್ಲಿ ನನಗೆ ಇಕ್ಕಟ್ಟು ಬಂತು. ನನಗೆ ಹಂಚಿಕೆಯಾಗಿದ್ದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿಯವರಿಗೆ ಕವಚದ ಸುದ್ದಿ ತಿಳಿದು, “ಫೆಬ್ರವರಿ 28ಕ್ಕೆ ವಿಜ್ಞಾನ ದಿನ. ಅತಿಥಿಗಳು ಬರುವಾಗ ನೀವು ಅದನ್ನು ಹಾಕಿಕೊಂಡು ಗೇಟಿನ ಹತ್ತಿರ ನಿಲ್ಲಿ. ಮಕ್ಕಳಿಗೂ ಖುಷಿ, ಶಾಲೆಗೂ ಒಂದು ಕಳೆ” ಎಂದರು. ಪ್ರೀತಿಯಿಂದಲೇ ಹೇಳಿದ್ದು. ನನ್ನ ಇಂಟರ್ನ್‌ಶಿಪ್ ವರದಿಗೆ ಸಹಿ ಬೀಳಬೇಕಾದದ್ದೂ ಅವರದ್ದೇ. ಮಕ್ಕಳೂ ದಿನಾ ಕೇಳುತ್ತಿದ್ದರು: “ಹಾಕಿಕೊಂಡು ಬನ್ನಿ ಟೀಚರ್.” ನಾನು ಹೇಳಿದೆ: “ಮೇಡಂ, ಅದನ್ನು ಹಾಕಿಕೊಂಡರೆ ನನಗೆ ಮಕ್ಕಳ ಮುಖ ಕಾಣುವುದಿಲ್ಲ. ಮೊದಲು ಎರಡು ಪೀರಿಯಡ್ ಅದರಿಂದ ಪಾಠ ಮಾಡುತ್ತೇನೆ. ಆಮೇಲೆ ನೀವೇ ಹೇಳಿ.” ಅವರು ಒಪ್ಪಿದರು, ಪೂರ್ತಿ ಮನಸ್ಸಿನಿಂದ ಅಲ್ಲ.

1997ರಲ್ಲಿ ಅಮೆರಿಕದಲ್ಲಿ ಆರಂಭವಾದ ‘501ನೇ ಲೀಜನ್’ ಎಂಬ ಹವ್ಯಾಸಿಗಳ ಸಂಘವಿದೆ. ಸ್ಟಾರ್ ವಾರ್ಸ್ ಉಡುಪು ತೊಟ್ಟು ಸೇವಾಕಾರ್ಯಗಳಿಗೆ ಹೋಗುವವರು. ಸದಸ್ಯರಾಗಬೇಕಾದರೆ ಉಡುಪಿನ ಒಂದೊಂದು ಭಾಗವೂ ಲಿಖಿತ ಮಾನದಂಡಕ್ಕೆ ಹೊಂದಬೇಕು, ಫೋಟೋಗಳನ್ನು ನೋಡಿ ಒಪ್ಪಿಗೆ ಕೊಡುತ್ತಾರೆ. ಅಲ್ಲಿ ಪರೀಕ್ಷೆ ಹೊರಮೈಗೆ. ಒಂಬತ್ತನೇ ತರಗತಿಯ ‘ಮೇಲ್ಮೈ ವಿಸ್ತೀರ್ಣ’ ಪಾಠಕ್ಕೆ ನನಗೆ ಬೇಕಾದದ್ದು ಒಳಮೈ. ಹಾಗಾಗಿ ಹದಿನಾಲ್ಕೂ ಭಾಗಗಳನ್ನು ಮೇಜುಗಳ ಮೇಲೆ ಬೋರಲು ಹಾಕಿದೆ. ಒಳಗೆ ಪೆನ್ನಿನ ಗೆರೆ, ಅಳತೆಯ ಅಂಕಿ, ‘ಎಡ’ ‘ಬಲ’ ಎಂಬ ಬರಹ, ಅಂಟಿನ ಕಲೆ, ಎಲಾಸ್ಟಿಕ್ ಎಲ್ಲ ಇದ್ದ ಹಾಗೆ ಇವೆ.

ಮಕ್ಕಳು ಮುಟ್ಟಿ ನೋಡಿದರು. ಒಬ್ಬ ಭುಜದ ತುಂಡನ್ನು ಎತ್ತಿ “ಇದು ಭುಜಕೀರ್ತಿ” ಎಂದ. ಅವನ ಮಾವ ಯಕ್ಷಗಾನದ ವೇಷಧಾರಿ. ಆ ಆಭರಣಗಳು ಹಗುರ ಮರದವು, ಮೇಲೆ ಬೇಗಡೆ ಅಂಟಿಸುತ್ತಾರೆ, ಚೌಕಿಯಲ್ಲಿ ಕಟ್ಟಿಕೊಳ್ಳಲು ಇನ್ನೊಬ್ಬರ ಕೈ ಬೇಕು ಎಂದು ಅವನೇ ಎಲ್ಲರಿಗೂ ವಿವರಿಸಿದ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದೆಫಲಕದ ಒಳಗಿನ ‘ವಿ’ ಆಕಾರದ ಜೋಡಣೆಗೆ ಬೆರಳಿಟ್ಟು “ಟೀಚರ್, ಇಲ್ಲಿ ಟಕ್ಸ್ ಹಿಡಿದಿದ್ದೀರಿ” ಎಂದಳು. ಮೂರು ವಾರದಲ್ಲಿ ಆಕೆ ನನ್ನ ಯಾವ ಪ್ರಶ್ನೆಗೂ ಉತ್ತರಿಸಿರಲಿಲ್ಲ. ತಾಯಿ ಮನೆಯಲ್ಲಿ ರವಿಕೆ ಹೊಲಿಯುತ್ತಾರಂತೆ. ಟಕ್ಸ್ ಯಾಕೆ ಬೇಕು ಎಂದು ಕೇಳಿದೆ. ಆಕೆ ಮಾತಾಡಲಿಲ್ಲ. ಒಂದು ಪೇಪರ್ ಹಾಳೆಯನ್ನು ಗೆಳತಿಯ ಭುಜದ ಮೇಲೆ ಹೊದಿಸಿ, ಎದ್ದು ನಿಂತ ಭಾಗವನ್ನು ಚಿವುಟಿ ಹಿಡಿದು ತೋರಿಸಿದಳು. “ಇಷ್ಟು ಹೆಚ್ಚಾಗಿ ನಿಲ್ಲುತ್ತದೆ. ತೆಗೆದರೆ ಕೂರುತ್ತದೆ.”

ಆ ದಿನದ ಪಾಠ ಅಲ್ಲಿಂದ ಮುಂದುವರಿಯಿತು. ಹಾಳೆಯನ್ನು ಸಿಲಿಂಡರಿಗೂ ಶಂಕುವಿಗೂ ಸುತ್ತಬಹುದು, ಎಲ್ಲೂ ಸುಕ್ಕಾಗುವುದಿಲ್ಲ. ಚೆಂಡಿಗೆ ಸುತ್ತಲು ಹೋದರೆ ಸುಕ್ಕುಗಟ್ಟುತ್ತದೆ, ಇಲ್ಲವೇ ಹರಿಯುತ್ತದೆ. ಗೋಳದ ಮೇಲ್ಮೈಯನ್ನು ಹಿಗ್ಗಿಸದೆ, ಕುಗ್ಗಿಸದೆ ಸಮತಲವಾಗಿ ಹಾಸಲು ಸಾಧ್ಯವಿಲ್ಲ ಎಂಬುದನ್ನು ತೋರಿಸಿಕೊಡುವ ಪ್ರಮೇಯವನ್ನು ಗೌಸ್ 1827ರಲ್ಲಿ ಮಂಡಿಸಿದರು. ಗೋಡೆಯ ಮೇಲಿನ ಪ್ರಪಂಚ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಇರುವುದಕ್ಕಿಂತ ಎಷ್ಟೋ ದೊಡ್ಡದಾಗಿ ಕಾಣುವುದಕ್ಕೂ ರವಿಕೆಗೆ ಟಕ್ಸ್ ಬೇಕಾಗುವುದಕ್ಕೂ ಕಾರಣ ಒಂದೇ.

ವೀಕ್ಷಣೆಗೆ ಬಂದಿದ್ದ ನಮ್ಮ ಉಪನ್ಯಾಸಕರು ವೀಕ್ಷಣಾ ಪತ್ರದಲ್ಲಿ ಬರೆದದ್ದು ಎರಡೇ ವಾಕ್ಯ: “ಉಪಕರಣ ಚೆನ್ನಾಗಿದೆ. ಈ ಉಪಕರಣವಿಲ್ಲದ ಶಿಕ್ಷಕಿ ನಾಳೆ ಇದೇ ಪಾಠವನ್ನು ಹೇಗೆ ಮಾಡಬೇಕು?” ಬಸ್ಸಿನಲ್ಲಿ ಅದನ್ನು ಮತ್ತೆ ಮತ್ತೆ ಓದಿದೆ. ಕವಚಕ್ಕೆ ನಾಲ್ಕು ಸಾವಿರ ರೂಪಾಯಿಗೂ ಹೆಚ್ಚು ಖರ್ಚಾಗಿತ್ತು, ಫ್ಲೆಕ್ಸ್ ಅಂಗಡಿಯಲ್ಲಿ ದುಡಿದು ಉಳಿಸಿದ ಹಣ. ಆ ತರಗತಿಯ ಯಾವ ಮಗುವಿನ ಮನೆಯಲ್ಲೂ ಅದನ್ನು ಕೇಳುವಂತಿಲ್ಲ.

ಎರಡನೆಯ ಪಾಠಕ್ಕೆ ಕವಚವನ್ನು ಒಯ್ಯಲಿಲ್ಲ. ದಿನಸಿ ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆ, ದಾರ, ಸೀಮೆಸುಣ್ಣ, ಕತ್ತರಿ. ಪ್ರತಿಯೊಬ್ಬರೂ ತಮ್ಮದೇ ಮುಂಗೈಗೆ ಒಂದು ಕವಚ ಮಾಡಬೇಕು. ಕಪ್ಪುಹಲಗೆಗೆ ಲೆಕ್ಕ ಸುಲಭವಾಗುವ ಒಂದು ಕೈ ಸಿಕ್ಕಿತು. ಮಣಿಕಟ್ಟಿನ ಸುತ್ತಳತೆ 15 ಸೆಂ.ಮೀ., ಮೊಣಕೈಯ ಕೆಳಗೆ 24 ಸೆಂ.ಮೀ., ನಡುವಿನ ಉದ್ದ 18 ಸೆಂ.ಮೀ. ಮುಂಗೈ ಎಂದರೆ ತುದಿ ಕತ್ತರಿಸಿದ ಶಂಕು. ಕತ್ತರಿಸಿ ಹೋದ ತುದಿಯ ಓರೆ ಎತ್ತರವನ್ನು x ಎನ್ನೋಣ. ಸಮರೂಪತೆಯಿಂದ 15/24 = x/(x + 18), ಅಂದರೆ x = 30. ಈಗ ದಾರದ ಒಂದು ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, 30 ಸೆಂ.ಮೀ.ಗೆ ಒಂದು ಕಂಸ, 48 ಸೆಂ.ಮೀ.ಗೆ ಇನ್ನೊಂದು ಕಂಸ. ಒಳಗಿನ ಕಂಸದ ಮೇಲೆ ದಾರವಿಟ್ಟು 15 ಸೆಂ.ಮೀ. ಅಳೆದು, ಕೇಂದ್ರದಿಂದ ಎರಡು ಗೆರೆ ಎಳೆದರೆ ಹೊರಗಿನ ಕಂಸ ತಾನಾಗಿಯೇ 24 ಸೆಂ.ಮೀ. ಬರುತ್ತದೆ. ಅದು ಬರುತ್ತದೋ ಇಲ್ಲವೋ ಎಂದು ಅಳೆದು ನೋಡುವ ಆತುರದಲ್ಲಿ ಪೀರಿಯಡ್ ಮುಗಿದ ಗಂಟೆ ಕೇಳಿಸಲಿಲ್ಲ. ಕತ್ತರಿಸಿದ ತುಂಡಿನ ವಿಸ್ತೀರ್ಣ ½ × (15 + 24) × 18 = 351 ಚದರ ಸೆಂ.ಮೀ.

ಅಷ್ಟರಲ್ಲಿ ಒಬ್ಬ ಕೇಳಿದ: “ಟೀಚರ್, ನಿಮ್ಮ ಫೋಮ್ ಒಂದು ಸೆಂಟಿಮೀಟರ್ ದಪ್ಪ ಇತ್ತು. 15 ಸೆಂ.ಮೀ. ಇಟ್ಟರೆ ಕೈ ಹೋಗುತ್ತದಾ?” ಹೋಗುವುದಿಲ್ಲ. ಬಾಗಿಸಿದಾಗ ಫೋಮ್‌ನ ಒಳಬದಿ ಕುಗ್ಗುತ್ತದೆ, ಹೊರಬದಿ ಹಿಗ್ಗುತ್ತದೆ, ನಡುಪದರದ ಉದ್ದ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಆ ನಡುಪದರ ಚರ್ಮದಿಂದ ಅರ್ಧ ಸೆಂ.ಮೀ. ಹೊರಗಿದೆ. ಹಾಗಾಗಿ 2π × 0.5, ಅಂದರೆ ಸುಮಾರು 3.14 ಸೆಂ.ಮೀ. ಹೆಚ್ಚು ಬೇಕು. ಕೈ ಸಣ್ಣದಿರಲಿ, ದೊಡ್ಡದಿರಲಿ, ಹೆಚ್ಚು ಬೇಕಾದದ್ದು ಅಷ್ಟೇ. ಇದನ್ನು ನಾನು ಹೇಳಿಕೊಡಲಿಲ್ಲ. ಸೂತ್ರ ಬರೆದಾಗ r ಎರಡೂ ಕಡೆ ಹೊಡೆದು ಹೋಗುವುದನ್ನು ನೋಡಿ ಅವರೇ ಹೇಳಿದರು.

ವಿಜ್ಞಾನ ದಿನ ಗೇಟಿನಲ್ಲಿ ನಿಂತದ್ದು ಒಂಬತ್ತನೇ ತರಗತಿ. ಮೂವತ್ತೊಂದು ಮಕ್ಕಳ ಕೈಯಲ್ಲಿ ರಟ್ಟಿನ ಕವಚ, ಅದರ ಒಳಗೆ ಅವರವರ ಅಳತೆ ಮತ್ತು ಲೆಕ್ಕ. ನನ್ನ ಕವಚ ಸಭಾಂಗಣದ ಮೂಲೆಯಲ್ಲಿ ಒಂದು ಕೋಲಿಗೆ, ಒಳಮೈ ಹೊರಗೆ ಮಾಡಿ ತೂಗಿತ್ತು. ಅತಿಥಿಯೊಬ್ಬರು ಹಿಂದಿನ ಬೆಂಚಿನ ಹುಡುಗಿಯನ್ನು “ಇದನ್ನು ನಿನಗೆ ಯಾರು ಮಾಡಿಕೊಟ್ಟರು?” ಎಂದು ಕೇಳಿದರು. ಆಕೆ ಕವಚ ಬಿಚ್ಚಿ, ಒಳಮೈ ತಿರುಗಿಸಿ, ಅಲ್ಲಿದ್ದ ಲೆಕ್ಕವನ್ನು ಮೊದಲಿಂದ ಓದತೊಡಗಿದಳು. ಮಧ್ಯಾಹ್ನ ಮುಖ್ಯೋಪಾಧ್ಯಾಯಿನಿಯವರು ಒಬ್ಬ ಹುಡುಗನನ್ನು ಕರೆದು, ಬಳೆ ಮೇಲೆ ಸರಿಸಿ, ತಮ್ಮ ಮಣಿಕಟ್ಟಿನ ಅಳತೆ ತೆಗೆಸಿಕೊಂಡರು.

ಸರಣಿಯ ನಾಯಕನ ಪಂಥದಲ್ಲಿ ಒಂದು ಕಟ್ಟಳೆ ಇದೆ: ಇತರರ ಎದುರು ಶಿರಸ್ತ್ರಾಣ ತೆಗೆಯುವಂತಿಲ್ಲ. ತರಗತಿಯ ಕಟ್ಟಳೆ ಇದಕ್ಕೆ ತದ್ವಿರುದ್ಧ. ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹುಚ್ಚಿದೆ. ಒಬ್ಬರಿಗೆ ರಂಗೋಲಿ, ಇನ್ನೊಬ್ಬರಿಗೆ ಚೆಂಡೆ, ಮತ್ತೊಬ್ಬರಿಗೆ ಹಳೆಯ ರೇಡಿಯೊ. ಅದನ್ನು ತರಗತಿಗೆ ತರುವಾಗ ಮುಗಿಸಿದ ರೂಪವನ್ನಷ್ಟೇ ತಂದರೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅಳತೆ ಬರೆದ, ಅಂಟು ಮೆತ್ತಿದ ಬದಿಯನ್ನು ತೋರಿಸಿದರೆ ಕತ್ತರಿ ಕೇಳುತ್ತಾರೆ. ಉಪನ್ಯಾಸಕರ ಪ್ರಶ್ನೆಗೆ ನನ್ನ ಉತ್ತರ ಒಂದು ರಟ್ಟಿನ ಪೆಟ್ಟಿಗೆ ಮತ್ತು ಎರಡು ಮಾರು ದಾರ. ಮುಂದಿನ ತಂಡದವರಿಗಾಗಿ ಎರಡನ್ನೂ ಕಾಲೇಜಿನ ಗಣಿತ ಪ್ರಯೋಗಾಲಯದ ಬೀರುವಿನಲ್ಲಿ ಇಟ್ಟಿದ್ದೇನೆ.