ಹೊಲ ಮಟ್ಟ ಮಾಡುವ ಮಳೆನೀರು

ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ರಸ್ತೆಯ ಬದಿಯಲ್ಲೆಲ್ಲ ಎರೆಭೂಮಿ. ಸೀರೆಗೆಂದು ಇಳಕಲ್ಲಿಗೆ, ದರ್ಶನಕ್ಕೆಂದು ಕೂಡಲಸಂಗಮಕ್ಕೆ ಬರುವವರು ಈ ಹೊಲಗಳತ್ತ ಕಣ್ಣು ಹಾಯಿಸುವುದು ಕಡಿಮೆ. ಹಿಂಗಾರಿ ಜೋಳ ಬೆಳೆದು ನಿಂತಾಗ ಕಾಣುವುದೂ ಜೋಳವೇ. ಹೊಲದ ಮೈಕಟ್ಟು ನೋಡಬೇಕಾದರೆ ಬೇಸಿಗೆಯಲ್ಲಿ ಬರಬೇಕು. ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಒಡ್ಡು, ಅದರಲ್ಲೊಂದು ಕಡೆ ಕಲ್ಲು ಜೋಡಿಸಿದ ಕೋಡಿ, ಒಡ್ಡಿನ ಹಿಂದೆ ಚಾಪೆ ಹಾಸಿದಂತೆ ಮಟ್ಟವಾದ ನೆಲ.

ಇಷ್ಟು ಮಟ್ಟ ಮಾಡಿದವರು ಯಾರೆಂದು ಒಡ್ಡಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು ಕೇಳಿದೆ. "ಮಣ್ಣು ನೀರೇ ತರತೈತ್ರೀ ಸರ. ನಾವು ತಡದು ನಿಂದರಸೂದಷ್ಟ" ಎಂದರು.

ಒಂಬತ್ತನೆಯ ತರಗತಿಯವರಿಗೂ ತಿಳಿಯುವ ವಿಜ್ಞಾನವಿದು. ಓಡುವ ನೀರು ಮಣ್ಣು ಹೊರುತ್ತದೆ. ವೇಗ ಕುಂದಿದೊಡನೆ ಹೊರೆ ಇಳಿಸುತ್ತದೆ. ಮೊದಲು ಮರಳು, ಆಮೇಲೆ ನಯವಾದ ಮೆಕ್ಕಲು. ನೀರು ನಿಲ್ಲುವುದು ತಗ್ಗಿನಲ್ಲಾದ್ದರಿಂದ ತಗ್ಗೇ ಮೊದಲು ತುಂಬುತ್ತದೆ. ಹೂಳು ಕೋಡಿಯ ಮಟ್ಟಕ್ಕೆ ಬಂದಾಗ ಕೋಡಿಗೆ ಇನ್ನೊಂದು ವರಸೆ ಕಲ್ಲು, ಒಡ್ಡಿಗೆ ಇನ್ನಷ್ಟು ಮಣ್ಣು. ಹೀಗೆ ಹೊಲ ವರ್ಷವರ್ಷಕ್ಕೆ ಮೆಟ್ಟಿಲಾಗುತ್ತದೆ. ಕೋಡಿ ಇರಲೇಬೇಕು. ಎರೆಮಣ್ಣು ನೀರನ್ನು ಬೇಗ ಇಂಗಿಸದು. ಹೆಚ್ಚಾದ ನೀರಿಗೆ ದಾರಿಯಿಲ್ಲದಿದ್ದರೆ ಒಡ್ಡೇ ಒಡೆಯುತ್ತದೆ.

ಉಳಿದ ಸಣ್ಣಪುಟ್ಟ ಉಬ್ಬುತಗ್ಗು ಕುಂಟೆಯ ಪಾಲು. ಕುಂಟೆಯ ಅಡ್ಡ ಅಲಗು ಎರಡು ಮೂರು ಅಂಗುಲ ಮೇಲ್ಮಣ್ಣನ್ನಷ್ಟೇ ಹೆರೆದು ಕಳೆ ಕೀಳುತ್ತದೆ, ಮಣ್ಣನ್ನು ಬುಡಮೇಲು ಮಾಡುವುದಿಲ್ಲ. ಎರೆಹೊಲಕ್ಕೆ ವರ್ಷಕ್ಕೊಮ್ಮೆ ರಂಟೆ ಹೊಡೆಯಲೇಬೇಕೆಂದಿಲ್ಲ. ಕರಿಕೆ ಹಬ್ಬಿದಾಗ ಹೊಡೆದರಾಯಿತು. ಮಾಂಟ್‌ಮೊರಿಲ್ಲೊನೈಟ್ (ಹೆಸರನ್ನು ಬಾಯಿಪಾಠ ಮಾಡಬೇಕಾಗಿಲ್ಲ) ಜಾತಿಯ ಜೇಡಿಯಿರುವ ಈ ಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ, ತನ್ನನ್ನು ತಾನೇ ಸಡಿಲ ಮಾಡಿಕೊಳ್ಳುತ್ತದೆ.

ಈಗ ಯಂತ್ರ ಬಾಡಿಗೆಗೆ ಸಿಗುತ್ತದೆ, ಕಾಯುವ ತಾಳ್ಮೆ ಯಾರಿಗಿದೆ? ಪಾಲಕರೂ ಮಕ್ಕಳೂ ಕೂಡಿ ಒಂದು ಲೆಕ್ಕ ಮಾಡಿ. 60 ಮೀಟರ್ ಉದ್ದ, ಅಷ್ಟೇ ಅಗಲದ ಹೊಲ. ಎಕರೆಗೆ ತುಸು ಕಡಿಮೆ. ನೂರಕ್ಕೆ ಒಂದರ ಇಳಿಜಾರೆಂದರೆ ಮೇಲಂಚಿಗೂ ಕೆಳಅಂಚಿಗೂ 60 ಸೆಂ.ಮೀ. ಅಂತರ. ಒಮ್ಮೆಲೇ ಮಟ್ಟ ಮಾಡಲು ಮೇಲಿನ ಅರ್ಧದಿಂದ ಸರಾಸರಿ 15 ಸೆಂ.ಮೀ. ಕಡಿದು ಕೆಳಗೆ ದೂಡಬೇಕು. ಅದು 270 ಘನಮೀಟರ್, ಘನಮೀಟರಿಗೆ 1.3 ಟನ್ ಎಂದು ಹಿಡಿದರೆ ಸುಮಾರು 350 ಟನ್ ಮಣ್ಣು. ಹಾಗೆ ದೂಡಿದ್ದು ಹೊಲದ ಸಾರವೇ. ಮೇಲ್ಭಾಗದಲ್ಲಿ ಸುಣ್ಣಕಲ್ಲು ಬೆರೆತ ಅಡಿಮಣ್ಣು ಎದ್ದರೆ, ಅಲ್ಲಿನ ಬೆಳೆ ಹಳದಿಗಟ್ಟಿ ಕೆಲವು ವರ್ಷ ಸೊರಗುತ್ತದೆ. ಕಾಲುವೆ ನೀರು ಹಾಯಿಸುವ ಹೊಲದ ಮಾತು ಬೇರೆ. ಮಳೆಯನ್ನೇ ನಂಬಿದವರಿಗೆ ಈ ಅವಸರ ದುಬಾರಿ.

ಮಣ್ಣಿನ ಸವಕಳಿಯ ಚಿಂತೆ ಸರ್ಕಾರಕ್ಕೂ ಹಳೆಯದು. 1930ರ ದಶಕದಲ್ಲೇ ವಿಜಾಪುರದಲ್ಲಿ ಒಣಬೇಸಾಯ ಸಂಶೋಧನಾ ಕೇಂದ್ರ ಬಂತು. 1942ರಲ್ಲಿ ಮುಂಬಯಿ ಪ್ರಾಂತ್ಯ ಭೂಸುಧಾರಣೆಗೆ ಕಾಯ್ದೆಯನ್ನೇ ಮಾಡಿತು. ಆದರೆ ಹೊಲದ ಗಡಿ ನೋಡದೆ ಹಾದುಹೋದ ಸಮಪಾತಳಿ ಬದುಗಳು ರೈತರಿಗೆ ಒಗ್ಗಲಿಲ್ಲ. ಹುನಗುಂದದ ಒಡ್ಡು ಗಡಿಗೆ ಹೊಂದಿಕೊಂಡಿದೆ, ಸರಿ. ಆದರೂ ಮೇಲಿನ ಹೊಲದ ಕೋಡಿ ಕೆಳಗಿನವರ ಹೊಲಕ್ಕೇ ಇಳಿಯಬೇಕಷ್ಟೆ. ಅಣ್ಣತಮ್ಮಂದಿರು ಪಾಲಾಗಿ, ಮೇಲಿನವನು ಜಾರಿದ ಕಲ್ಲನ್ನು ಹಾಗೇ ಬಿಟ್ಟರೆ, ಒಂದು ದೊಡ್ಡ ಮಳೆಗೆ ಅಜ್ಜನ ಕಾಲದಿಂದ ಕೂಡಿದ ಮಣ್ಣು ಹಳ್ಳ ಸೇರುತ್ತದೆ. ಕೋಡಿಯ ಕಲ್ಲು ಜೋಡಿಸಲು ಬಲ್ಲವರು ಊರಿನಲ್ಲಿ ಇನ್ನು ನಾಲ್ಕೈದು ಜನ ಇದ್ದಾರೆಂದು ಆ ಹಿರಿಯರು ಬೆರಳು ಮಡಚಿ ಎಣಿಸಿದರು. ಅವರಲ್ಲಿ ಐವತ್ತರ ಒಳಗಿನವರು ಒಬ್ಬರೂ ಇರಲಿಲ್ಲ.