ಮಧ್ಯಾಹ್ನದ ಲಾಲ್‌ಬಾಗ್

ಬೆಂಗಳೂರಿನಲ್ಲಿ ಸುಮ್ಮನೆ ಒಂದು ಗಂಟೆ ಕೂರಬೇಕೆಂದರೆ ಎಲ್ಲಿ ಕೂರುತ್ತೀರಿ? ದರ್ಶಿನಿಗಳಲ್ಲಿ ಕಾಫಿಯನ್ನು ನಿಂತೇ ಕುಡಿಯಬೇಕು. ಕುರ್ಚಿ ಇರುವ ಹೋಟೆಲಿನಲ್ಲಿ ಲೋಟ ಖಾಲಿಯಾದ ಕೂಡಲೇ ಬಿಲ್ಲು ಬಂದು ಕೂರುತ್ತದೆ. ನನ್ನ ಮಟ್ಟಿಗೆ ಉತ್ತರ ಲಾಲ್‌ಬಾಗ್. ಅದೂ ವಾರದ ನಡುವೆ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ.

ಬೆಳಗಿನ ಲಾಲ್‌ಬಾಗ್ ವಾಕಿಂಗ್ ಮಾಡುವವರದು. ಭಾನುವಾರ ಮಕ್ಕಳು ಮರಿಗಳದು. ಜನವರಿ, ಆಗಸ್ಟ್ ಬಂದರೆ ಫಲಪುಷ್ಪ ಪ್ರದರ್ಶನ. ಗಾಜಿನ ಮನೆಯ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಎಲ್ಲವೂ ಚೆಂದವೇ. ಆದರೆ ಮಂಗಳವಾರವೋ ಬುಧವಾರವೋ ಊಟದ ಹೊತ್ತು ದಾಟಿದ ಮೇಲೆ ಇನ್ನೂರ ನಲವತ್ತು ಎಕರೆ ತೋಟದಲ್ಲಿ ಬೇಕಾದ ಬೆಂಚು ಬೇಕಾದಲ್ಲಿ ಖಾಲಿ ಸಿಗುತ್ತದೆ.

ಮೆಟ್ರೊ ಇಳಿದು ಪಶ್ಚಿಮದ ಗೇಟಿನಿಂದ ಒಳಗೆ ಹೋದರೆ ಕೆರೆ ಹತ್ತಿರ. ಆ ಕಡೆಯೇ ಹಳೆಯ ಬಿಳಿ ಬೂರುಗದ ಮರವಿದೆ. ನೆಲದಿಂದ ಗೋಡೆ ಎದ್ದ ಹಾಗೆ ಹಬ್ಬಿದ ಅದರ ಬೇರುಗಳನ್ನು ಒಂದು ಸುತ್ತು ನೋಡದೆ ನಾನು ಮುಂದೆ ಹೋಗುವುದಿಲ್ಲ. ಆಮೇಲೆ ನೀರಿಗೆ ಮುಖ ಮಾಡಿ ಕೂರುವುದು. ಮೊದಮೊದಲು ಕಿವಿಗೆ ಬೀಳುವುದೆಲ್ಲ ಹೊರಗಿನ ಬಸ್ಸಿನ ಹಾರನ್ನೇ. ಕೂತಷ್ಟೂ ಹೊತ್ತು ಅದು ಹಿಂದೆ ಸರಿಯುತ್ತ, ಗಿಳಿಗಳ ಗಲಾಟೆ, ಒಣಗಿದೆಲೆಯ ಮೇಲೆ ಅಳಿಲು ಓಡಿದ ಸದ್ದು ಮುಂದೆ ಬರುತ್ತವೆ.

ಕೆರೆಯ ನೀರುಕಾಗೆ ನನಗೆ ಅಚ್ಚುಮೆಚ್ಚು. ಮುಳುಗಿತೆಂದರೆ ಎಲ್ಲಿ ಏಳುತ್ತದೆಂದು ಹೇಳುವುದು ಕಷ್ಟ. ಎಡಕ್ಕೆ ಎಂದುಕೊಂಡರೆ ಬಲಕ್ಕೆ, ಹತ್ತಿರ ಎಂದುಕೊಂಡರೆ ದೂರದಲ್ಲಿ ಕತ್ತು ಹೊರಗೆ ಬರುತ್ತದೆ. ಕೊಕ್ಕಿನಲ್ಲಿ ಮೀನಿದ್ದರೆ ಅದನ್ನು ತಿರುಗಿಸಿ, ತಲೆಯ ಕಡೆಯಿಂದ ನುಂಗುತ್ತದೆ. ಹೊಟ್ಟೆ ತುಂಬಿದ ಮೇಲೆ ಕೊಂಬೆಯೇರಿ, ಎರಡೂ ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದು ನಿಲ್ಲುತ್ತದೆ. ಇಷ್ಟನ್ನು ನೋಡುತ್ತ ಕೂತರೆ ಗಂಟೆ ಸರಿದದ್ದು ಗೊತ್ತಾಗುವುದಿಲ್ಲ. ಪುಸ್ತಕ ತಂದಿರುತ್ತೇನೆ, ತೆರೆಯುವುದು ಅಪರೂಪ.

ಚಳಿಗಾಲವಾದರೆ ತೋಟದೊಳಗಿನ ಬಂಡೆಯೇ ಸರಿ. ಕೆಂಪೇಗೌಡ ಗೋಪುರದ ಹತ್ತಿರ ಫೋಟೊ ತೆಗೆಯುವವರಿರುತ್ತಾರೆ. ಸ್ವಲ್ಪ ಕೆಳಗೆ ಇಳಿದು ಕೂರಬೇಕು. ಡಿಸೆಂಬರಿನ ಬಿಸಿಲಿಗೆ ಕಲ್ಲು ಹದವಾಗಿ ಬೆಚ್ಚಗಿರುತ್ತದೆ. ಬಗ್ಗಿ ನೋಡಿದರೆ ಬಿಳಿ ಪಟ್ಟೆ, ಬೂದು ಪಟ್ಟೆ, ಒಂದರ ಪಕ್ಕ ಒಂದು ಬಳುಕುತ್ತ ಹೋಗಿರುವುದು ಕಾಣುತ್ತದೆ. ಸುಮಾರು 300 ಕೋಟಿ ವರ್ಷದ ನೈಸ್ ಶಿಲೆ ಇದು. ಭೂಗರ್ಭದ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಬಾಗಿದ ಗುರುತುಗಳೇ ಈ ಪಟ್ಟೆಗಳು. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿ ಫಲಕ ಹಾಕಿದೆ. ಮನಸ್ಸು ಕೆಟ್ಟ ದಿನ ಆ ಪಟ್ಟೆಗಳ ಮೇಲೆ ಅಂಗೈ ಇಟ್ಟು ಕೂತರೆ ನನಗೆ ಸಮಾಧಾನವಾಗುತ್ತದೆ.

1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ ಇದು. ಟಿಪ್ಪು ಬೆಳೆಸಿದ. 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್, ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಲೆಕ್ಕ ಹಾಕಿ ಊರಿಗೇ ಮರ ನೆಡಿಸಿದರು. ಅವರು ತೀರಿಕೊಂಡದ್ದೂ ಬೆಂಗಳೂರಿನಲ್ಲೇ, 1956ರಲ್ಲಿ. ನಾವು ಕೂರುವ ನೆರಳು ಇಂಥವರ ದುಡಿಮೆ ಎಂಬುದು ನೆನಪಿದ್ದರೆ, ಮರದ ತೊಗಟೆಯ ಮೇಲೆ ಹೆಸರು ಕೆತ್ತಲು ಯಾರಿಗೂ ಕೈ ಬರಲಾರದು.

ಪ್ರವೇಶದ ಟಿಕೆಟ್ ಕೊಂಡರೆ ಸಂಜೆಯವರೆಗೆ ಯಾರೂ ಏಳಿ ಎನ್ನುವುದಿಲ್ಲ. ನೀವೂ ಒಂದು ಮಧ್ಯಾಹ್ನ ರಜೆ ಹಾಕಿ ಬನ್ನಿ. ಮೊಬೈಲಿನ ಹಾಡನ್ನು ಮಾತ್ರ ದಯವಿಟ್ಟು ಇಯರ್‌ಫೋನಿನಲ್ಲಿ ಕೇಳಿ. ಪಕ್ಕದ ಬೆಂಚಿನವರೂ ಸುಮ್ಮನೆ ಕೂರಲೆಂದೇ ಬಂದಿರುತ್ತಾರೆ.