ಬಲೂನು, ಡೈರಿ ಮತ್ತು ರಾಗಿಗುಡ್ಡದ ಮಂಗಳವಾರ

ಬ್ಲಾಗಿನ ಕಡೆ ತಲೆ ಹಾಕಿ ಎಷ್ಟು ತಿಂಗಳಾಯ್ತೋ, ಲೆಕ್ಕ ಇಟ್ಟಿಲ್ಲ. ನಿಮ್ಮೆಲ್ಲರದ್ದೂ ಓದ್ತಾನೇ ಇದ್ದೆ, ಕಮೆಂಟು ಮಾತ್ರ ಹಾಕದೆ ಕದ್ದು ಓದಿ ಹೋಗ್ತಿದ್ದೆ. ಬೈಕೋಬೇಡಿ. ಇವತ್ತು ಕೂತು ಬರೀಲೇಬೇಕು ಅನ್ನಿಸಿದ್ದು ಒಬ್ಬ ಹುಡುಗಿ ಕೇಳಿದ ಪ್ರಶ್ನೆಯಿಂದ.

ಮಾರ್ಚ್ ತಿಂಗಳ ಮೂರನೇ ಮಂಗಳವಾರ ವಿಶ್ವ ಸಮಾಜಕಾರ್ಯ ದಿನ. ಅಂಥದ್ದೊಂದು ದಿನ ಇದೆ ಅಂತ ಎಂ.ಎಸ್.ಡಬ್ಲ್ಯು ಮಾಡಿದವರಿಗೆ ಬಿಟ್ರೆ ಯಾರಿಗೂ ಗೊತ್ತಿರಲ್ಲ ಬಿಡಿ. ಈ ಸಲ ನಮ್ಮ ಕಡೆಯ ಒಂದು ಕಾಲೇಜಿನವರು 'ಹಳೆಯ ವಿದ್ಯಾರ್ಥಿನಿ' ಅಂತ ನನ್ನನ್ನ ಕರೆದಿದ್ರು. ಕಾಲೇಜಿನ ಹೆಸರು ಬೇಡ. ಕಾರ್ಯಕ್ರಮದ ಹೆಸರು 'ಸಮಾಜಕಾರ್ಯ ವಿದ್ಯಾರ್ಥಿಗಳಿಗೆ ವೃತ್ತಿ ಬೆಳವಣಿಗೆ ಮತ್ತು ಸ್ವಾಸ್ಥ್ಯ ಕಾರ್ಯಾಗಾರ'. ಗಿಡಕ್ಕೆ ನೀರೆರೆದು ಉದ್ಘಾಟನೆ, ಫ್ಲೆಕ್ಸಿನಲ್ಲಿ ಹದಿನಾಲ್ಕು ಜನರ ಫೋಟೋ, ಪ್ರತಿಯೊಬ್ಬರಿಗೂ ಒಂದು ಫೈಲು, ಒಂದು ಪೆನ್ನು, ಸಂಜೆಗೆ ಸರ್ಟಿಫಿಕೇಟು. ಬೆಳಗ್ಗೆ ರೆಸ್ಯೂಮೆ ಬರೆಯೋದು ಹೇಗೆ, ಇಂಟರ್‌ವ್ಯೂನಲ್ಲಿ ಕೂರೋದು ಹೇಗೆ ಅಂತ ಒಬ್ಬರು ಹೇಳಿಕೊಟ್ರು. ಇದು ನಿಜವಾಗ್ಲೂ ಚೆನ್ನಾಗಿತ್ತು, ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಊಟಕ್ಕೆ ಮುಂಚೆ ಬಲೂನು ಆಟ. ನಿಮ್ಮ ಒತ್ತಡವನ್ನೆಲ್ಲ ಬಲೂನಿಗೆ ಊದಿ, ಆಮೇಲೆ ಪಟ್ ಅಂತ ಒಡೀರಿ, ಒತ್ತಡ ಹೋಯ್ತು! ಅರವತ್ತು ಬಲೂನು ಒಟ್ಟಿಗೇ ಒಡೆದಾಗ ನಾನು ಕುರ್ಚಿಯಿಂದ ಅರ್ಧ ಎದ್ದುಬಿಟ್ಟಿದ್ದೆ. ಪಕ್ಕದಲ್ಲಿದ್ದ ಮೇಡಂ ನಕ್ಕರು. ನಾನೂ ನಕ್ಕೆ.

ಯಾಕೆ ಎದ್ದೆ ಅನ್ನೋದನ್ನ ಹೇಳ್ಬೇಕಂದ್ರೆ 2023ಕ್ಕೆ ಹೋಗ್ಬೇಕು.

ಅದಕ್ಕೂ ಮೊದಲು ಒಂದು ಮಾತು. ರಾಗಿಗುಡ್ಡ ಅಂದ ಕೂಡಲೇ ಬೆಂಗಳೂರಿನವರಿಗೆ ಜಯನಗರದ ಆಂಜನೇಯ ನೆನಪಾಗ್ತಾನೆ, 2025ರ ಆಗಸ್ಟಿನಿಂದ ಹಳದಿ ಮೆಟ್ರೋದ ಸ್ಟೇಷನ್ನೂ ಆಗಿದೆ. ನಾನು ಹೇಳ್ತಿರೋದು ನಮ್ಮ ಶಿವಮೊಗ್ಗದ ರಾಗಿಗುಡ್ಡ. ಸಣ್ಣ ಗುಡ್ಡ, ಸುತ್ತ ಒತ್ತೊತ್ತಾಗಿ ಮನೆಗಳು. ಅಲ್ಲಿ ನನ್ನ ಫೀಲ್ಡ್ ವರ್ಕ್ ಇತ್ತು.

ನಾನು ಭದ್ರಾವತಿಯವಳು. ಅಪ್ಪ ವಿ.ಐ.ಎಸ್.ಎಲ್‌ನಲ್ಲಿ ಗುತ್ತಿಗೆ ಕಾರ್ಮಿಕ. ನಾನು ಎಂ.ಎಸ್.ಡಬ್ಲ್ಯುಗೆ ಸೇರ್ತೀನಿ ಅಂದಾಗ ಅಪ್ಪನಿಗೆ ಭಾರೀ ಖುಷಿ. ಅವರ ಪ್ರಕಾರ ಎಂ.ಎಸ್.ಡಬ್ಲ್ಯು ಅಂದ್ರೆ ಫ್ಯಾಕ್ಟರಿಯ ವೆಲ್ಫೇರ್ ಆಫೀಸರ್ರು. 1948ರ ಕಾರ್ಖಾನೆ ಕಾಯಿದೆಯಲ್ಲಿ 500 ಅಥವಾ ಹೆಚ್ಚು ಕೆಲಸಗಾರರಿದ್ದ ಕಡೆ ಅಂಥವರು ಇರಲೇಬೇಕು ಅಂತಿತ್ತು, ನಮ್ಮೂರಲ್ಲಿ ಆ ಹುದ್ದೆಗೆ ಒಂದು ಗತ್ತೂ ಇತ್ತು. 'ಮಗಳು ಇಸ್ತ್ರಿ ಸೀರೆ ಉಟ್ಟು ಕಾರ್ಖಾನೆ ಆಫೀಸಲ್ಲಿ ಕೂರ್ತಾಳೆ' ಅಂತ ಅಪ್ಪ ಕನಸು ಕಾಣ್ತಿದ್ರೆ, 1923ರಲ್ಲಿ ಕಬ್ಬಿಣ ಕರಗಿಸೋಕೆ ಶುರು ಮಾಡಿದ ಆ ಕಾರ್ಖಾನೆಯನ್ನ ಮುಚ್ತೀವಿ ಅಂತ 2023ರ ಜನವರಿಯಲ್ಲಿ ಸೇಲ್‌ನವರು ಹೇಳಿಬಿಟ್ರು. ಅಪ್ಪ ಧರಣಿಯಲ್ಲಿ ಕೂತರು. ನಾನು ದಿನಾ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದು 'ಸಮಾಜಕಾರ್ಯದ ತತ್ವಗಳು' ಓದ್ತಿದ್ದೆ. ಅದರದ್ದೇ ಒಂದು ಕಥೆ ಆಗುತ್ತೆ, ಇನ್ನೊಂದು ಸಲ ಬರೀತೀನಿ.

ಗೊತ್ತಿಲ್ಲದವರಿಗೆ.. ನಮ್ಮ ಕೋರ್ಸಿನಲ್ಲಿ ವಾರಕ್ಕೆ ಎರಡು ದಿನ ಕ್ಲಾಸಿಲ್ಲ, ಫೀಲ್ಡು. ಅಂಗನವಾಡಿಯ ಟೀಚರ್ ಜತೆ, ಆಶಾ ಅಕ್ಕನ ಜತೆ ಮನೆಮನೆಗೆ ಹೋಗೋದು, ಕಂಡದ್ದು ಕೇಳಿದ್ದನ್ನ ಡೈರಿಯಲ್ಲಿ ಬರೆಯೋದು. ವಾರಕ್ಕೊಮ್ಮೆ ಮೇಲ್ವಿಚಾರಕರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಡೈರಿ ಇಟ್ಟುಕೊಂಡು ಮಾತಾಡಬೇಕು. ಆಲ್ಫ್ರೆಡ್ ಕಡುಶಿನ್ ಅನ್ನೋರು 1976ರ ಪುಸ್ತಕದಲ್ಲಿ ಈ ಮೇಲ್ವಿಚಾರಣೆಗೆ ಮೂರು ಕೆಲಸ ಅಂತ ಬರೆದಿದ್ದಾರೆ. ಲೆಕ್ಕಪತ್ರ ನೋಡೋದು, ಕಲಿಸೋದು, ಆಸರೆಯಾಗೋದು. ಪರೀಕ್ಷೆಗೆ ಇದನ್ನ ಬಾಯಿಪಾಠ ಮಾಡಿ ಹತ್ತು ಮಾರ್ಕಿಗೆ ಬರೆದಿದ್ದೀನಿ. ನಮಗೆ ಸಿಕ್ಕಿದ್ದು ಮೊದಲನೇದು ಮಾತ್ರ. ತಿಂಗಳ ಕೊನೆಗೆ ಡೈರಿಗಳನ್ನ ಅಟ್ಟಿ ಕಟ್ಟಿ ಇಟ್ರೆ ಮಾರನೇ ದಿನ ಸಹಿಯಾಗಿ ವಾಪಸ್ಸು. ಅವರನ್ನೂ ಬೈಯೋಕಾಗಲ್ಲ. ಅತಿಥಿ ಉಪನ್ಯಾಸಕರು, ಸಂಬಳ ಯಾವಾಗ ಬರುತ್ತೋ ಗೊತ್ತಿಲ್ಲ, ಒಬ್ಬೊಬ್ಬರ ತಲೆ ಮೇಲೆ ಇಪ್ಪತ್ತು ಇಪ್ಪತ್ತೈದು ಹುಡುಗರು. ಅವರಿಗೆ ಯಾರು ಆಸರೆ?

ರಾಗಿಗುಡ್ಡದಲ್ಲಿ ನಾನು ಹೋಗ್ತಿದ್ದ ಒಂದು ಮನೆ. ತಾಯಿ, ಅಜ್ಜಿ, ಮೂರನೇ ಕ್ಲಾಸಿನ ಹುಡುಗಿ. ಅವರ ಹೆಸರು, ಜಾತಿ, ಧರ್ಮ ಹೇಳಲ್ಲ. ಕಮೆಂಟಿನಲ್ಲೂ ಕೇಳಬೇಡಿ, ದಯವಿಟ್ಟು. ಆ ತಾಯಿಗೆ ಒಂದು ಪಿಂಚಣಿ ಅರ್ಜಿ ತುಂಬಿಕೊಡಬೇಕಿತ್ತು. 'ಮಂಗಳವಾರ ಬರ್ತೀನಕ್ಕಾ, ಆಧಾರ್ ಜೆರಾಕ್ಸ್ ಮಾಡಿಸಿಟ್ಟಿರಿ' ಅಂತ ಹೇಳಿ ಬಂದಿದ್ದೆ.

2023ರ ಅಕ್ಟೋಬರ್ 1, ಭಾನುವಾರ, ಈದ್ ಮಿಲಾದ್ ಮೆರವಣಿಗೆಯ ದಿನ ರಾಗಿಗುಡ್ಡದಲ್ಲಿ ಕಲ್ಲು ತೂರಾಟ ಆಯ್ತು. ಟಿವಿಯಲ್ಲಿ ನೀವೂ ನೋಡಿರ್ತೀರಿ. ನಿಷೇಧಾಜ್ಞೆ ಬಂತು, ಪೊಲೀಸ್ ವ್ಯಾನುಗಳು ಬಂದ್ವು, ಟಿವಿಯವರು ಬಂದ್ರು. ಯಾರು ಶುರು ಮಾಡಿದ್ರು, ಯಾರು ಬಿಟ್ರು ಅನ್ನೋದೆಲ್ಲ ಇಲ್ಲಿ ಬೇಡ. ನಮಗೆ ಕಾಲೇಜಿಂದ ವಾಟ್ಸಾಪಿನಲ್ಲಿ ಒಂದೇ ಸಾಲು ಬಂತು: ಆ ಭಾಗದ ಫೀಲ್ಡ್ ವರ್ಕ್ ರದ್ದು, ಗಂಟೆಗಳನ್ನ ಆಮೇಲೆ ಸರಿದೂಗಿಸಿ. ಮಂಗಳವಾರ ನಾನು ಹೋಗಲಿಲ್ಲ. ಹೋಗೋ ಹಾಗೂ ಇರಲಿಲ್ಲ.

ಮುಂದಿನ ಮಂಗಳವಾರ ಅಕ್ಟೋಬರ್ 10. ವಿಶ್ವ ಮಾನಸಿಕ ಆರೋಗ್ಯ ದಿನ. ಅವತ್ತು ನಮಗೆ ಕಾರ್ಯಾಗಾರ! ಹೊರಗಿನಿಂದ ಬಂದ ತರಬೇತುದಾರರು 'ವರ್ಕ್ ಲೈಫ್ ಬ್ಯಾಲೆನ್ಸ್' ಬಗ್ಗೆ ಎರಡು ಗಂಟೆ ಮಾತಾಡಿದ್ರು. ಕಣ್ಣು ಮುಚ್ಚಿ, ಸಮುದ್ರ ತೀರ ನೆನಪಿಸಿಕೊಳ್ಳಿ ಅಂದ್ರು. ನನಗೆ ಜೆರಾಕ್ಸ್ ಹಿಡಿದುಕೊಂಡು ಬಾಗಿಲಲ್ಲಿ ಕಾಯ್ತಿರೋ ಹೆಂಗಸು ಕಾಣ್ತಿದ್ಲು. ಆ ಹಾಲಿನಲ್ಲಿ ರಾಗಿಗುಡ್ಡಕ್ಕೆ ಹೋಗ್ತಿದ್ದವರು ನಾವು ಐದು ಜನ ಇದ್ವಿ. ಆಟೋದಲ್ಲಿ ಹತ್ತು ನಿಮಿಷದ ದಾರಿ. ಇಡೀ ದಿನ ಆ ಊರಿನ ಹೆಸರನ್ನ ಒಬ್ಬರೂ ಎತ್ತಲಿಲ್ಲ. ನಾವೂ ಎತ್ತಲಿಲ್ಲ.

ಮೂರು ವಾರ ಬಿಟ್ಟು ಹೋದೆ. ಆ ಅಕ್ಕ ಬಾಗಿಲು ತೆಗೆಯೋಕೇ ಹೊತ್ತು ಮಾಡಿದ್ಲು. ತೆಗೆದು, 'ಮಂಗಳವಾರ ಬರ್ತೀನಿ ಅಂದಿದ್ದೆ' ಅಂದ್ಲು. ಅಷ್ಟೇ. ಹುಡುಗಿ ರಾತ್ರಿ ಮಲಗೋ ಮುಂಚೆ ಮನೆಯಲ್ಲಿರೋ ಎರಡು ಪ್ಲಾಸ್ಟಿಕ್ ಕುರ್ಚಿ, ನೀರಿನ ಕೊಡ, ತನ್ನ ಸ್ಕೂಲ್ ಬ್ಯಾಗು ಎಲ್ಲಾ ತಂದು ಬಾಗಿಲಿಗೆ ಒತ್ತಿ ಇಡ್ತಾಳಂತೆ. ಬ್ಯಾಗು ಯಾಕೆ ಪುಟ್ಟಾ ಅಂದ್ರೆ, 'ಭಾರ ಇದೆ ಮಿಸ್' ಅಂದ್ಲು. ಅರ್ಜಿ ತುಂಬ್ತಾ ಇದ್ದಾಗ ಅಜ್ಜಿ ಕೇಳಿದ್ರು, 'ಎಲ್ಲಾ ಬರ್ಕೊಂಡು ಹೋಗ್ತೀಯಲ್ಲ, ಬರ್ದು ಏನ್ ಮಾಡ್ತೀಯವ್ವ?'

ನಾನು ಏನು ಮಾಡಿದೆ ಅಂತ ಹೇಳ್ತೀನಿ. ಅವತ್ತಿನ ಡೈರಿಯಲ್ಲಿ ಹೀಗೆ ಬರೆದೆ: 'ಗೃಹಭೇಟಿ 4. ಸ್ವಚ್ಛತೆ ಹಾಗೂ ಸರ್ಕಾರಿ ಯೋಜನೆಗಳ ಬಗ್ಗೆ ಮಾಹಿತಿ ನೀಡಲಾಯಿತು. ಪ್ರದೇಶದ ಪರಿಸ್ಥಿತಿ ಸಹಜವಾಗಿದೆ.' ಕುರ್ಚಿ, ಕೊಡ, ಬ್ಯಾಗು ಯಾವುದೂ ಇಲ್ಲ. ಬರೆದ್ರೆ ಫೀಲ್ಡ್ ಬದಲಾಯಿಸ್ತಾರೆ ಅನ್ನೋ ಭಯ, ಬರೆಯೋಕೆ ಬರಲ್ಲ ಅನ್ನೋ ಸಂಕಟ, ಎರಡೂ. ಡೈರಿ ವಾಪಸ್ಸು ಬಂತು, ಕೆಂಪು ಪೆನ್ನಿನಲ್ಲಿ 'ಗುಡ್'. ಆ 'ಗುಡ್' ನೋಡಿದ ರಾತ್ರಿ ಮನೆಯಲ್ಲಿ ಅಮ್ಮನ ಕೈಯಿಂದ ತಟ್ಟೆ ಬಿತ್ತು, ನಾನು ಕಿರುಚಿಕೊಂಡೆ. ಆಮೇಲೆ ಎಷ್ಟೋ ದಿನ ನಿದ್ದೆ ಇಲ್ಲ. ಕಲ್ಲು ನನ್ನ ಮೇಲೆ ಬಿದ್ದಿರಲಿಲ್ಲ, ನಾನು ಅಲ್ಲಿ ಇರಲೂ ಇಲ್ಲ. ಹಾಗಾಗಿ ಯಾರಿಗಾದ್ರೂ ಹೇಳೋಕೆ ನಾಚಿಕೆ.

'ಬರ್ನ್ ಔಟ್' ಅಂತ ಈಗ ಎಲ್ಲರ ಬಾಯಲ್ಲೂ ಇದೆಯಲ್ಲ, ಸಾಫ್ಟ್‌ವೇರಿನವರದ್ದೇ ಕಾಯಿಲೆ ಅನ್ನೋ ಹಾಗೆ. ಆ ಪದವನ್ನ 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅನ್ನೋ ಮನಶ್ಶಾಸ್ತ್ರಜ್ಞ ಬರೆದದ್ದು ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ದುಡೀತಿದ್ದ ಸ್ವಯಂಸೇವಕರನ್ನ ನೋಡಿ, ತನ್ನನ್ನೂ ನೋಡಿಕೊಂಡು. ಇದು ನಮ್ಮಂಥವರದ್ದೇ ಪದ. ಸಮಾಜ ಕಾರ್ಯಕರ್ತರ ಅಂತರರಾಷ್ಟ್ರೀಯ ಒಕ್ಕೂಟದ 2018ರ ನೀತಿ ಸೂತ್ರದಲ್ಲಿ, ತಮ್ಮನ್ನು ತಾವು ನೋಡಿಕೊಳ್ಳೋದೂ ಕಾರ್ಯಕರ್ತರ ಕರ್ತವ್ಯ ಅಂತ ಇದೆ. ಒಳ್ಳೇದೇ. ಆದ್ರೆ ಓದಿದಾಗ ನನಗೆ ಅನ್ನಿಸಿದ್ದು, ಸರಿ, ಇದೂ ನಮ್ಮ ತಲೆಗೇ ಬಂತಲ್ಲಪ್ಪ ಅಂತ. ನಿದ್ದೆ ಬರದಿದ್ರೂ ನನ್ನದೇ ತಪ್ಪು, ಪ್ರಾಣಾಯಾಮ ಮಾಡಿಲ್ಲ ಅಂತ.

ನನ್ನನ್ನ ಉಳಿಸಿದ್ದು ಅಂಗನವಾಡಿಯ ಟೀಚರಮ್ಮ. ಒಂದು ಮಧ್ಯಾಹ್ನ ಮಕ್ಕಳೆಲ್ಲ ಹೋದ್ಮೇಲೆ ನನ್ನ ಮುಖ ನೋಡಿ, 'ಬಾ ಇಲ್ಲಿ, ಕೂತ್ಕೋ. ಎಂತ ಆಯ್ತು ಹೇಳು' ಅಂದ್ರು. ಮೆಟ್ಟಿಲ ಮೇಲೆ ಕೂತೆ. ಫ್ಲಾಸ್ಕಿನ ಟೀ ಮುಚ್ಚಳಕ್ಕೆ ಬಗ್ಗಿಸಿಕೊಟ್ರು. ನಾನು ಹೇಳಿದೆ, ಅತ್ತೆ. ಅವರು ಪರಿಹಾರ ಗಿರಿಹಾರ ಏನೂ ಹೇಳಲಿಲ್ಲ. 'ನಂಗೂ ಹಂಗೇ ಆಗಿತ್ತು ಕಣೇ' ಅಂದ್ರು, ಅಷ್ಟೇ. ಅವರು ಆ ಭಾಗದವರೇ, ಆ ಭಾನುವಾರ ಬಾಗಿಲು ಹಾಕಿಕೊಂಡು ಮಂಚದ ಪಕ್ಕ ಕೂತಿದ್ರಂತೆ. ಕಡುಶಿನ್ ಹೇಳಿದ ಮೂರನೇ ಕೆಲಸ ನನಗೆ ಅವರಿಂದ ಆಯ್ತು. ಅವರಿಗೆ ಕಡುಶಿನ್ ಯಾರು ಅಂತ ಗೊತ್ತಿಲ್ಲ, ಗೌರವಧನ ಹೆಚ್ಚಿಸಿ ಅಂತ ಬೆಂಗಳೂರಿಗೆ ಹೋಗಿ ಬಿಸಿಲಲ್ಲಿ ಕೂತು ಬಂದವರು ಅವರು.

ಆಮೇಲೆ ನಾವು ಐದು ಜನ ಶನಿವಾರ ಸಂಜೆ ತುಂಗೆಯ ದಡದಲ್ಲಿ, ಕೋರ್ಪಲಯ್ಯನ ಛತ್ರದ ಹತ್ರ ಸೇರೋಕೆ ಶುರು ಮಾಡಿದ್ವಿ. ಮಳೆಗಾಲದಲ್ಲಿ ಮಂಟಪ ಮುಳುಗಿತಾ ಅಂತ ಶಿವಮೊಗ್ಗದವರೆಲ್ಲ ನೋಡೋಕೆ ಬರೋ ಜಾಗ ಅದು. ಇಬ್ಬಿಬ್ಬರು ಡೈರಿ ಇಟ್ಕೊಂಡಿದ್ವಿ, ಕಾಲೇಜಿಗೊಂದು, ನಮಗೊಂದು. ನಮ್ಮದನ್ನ ಅಲ್ಲಿ ಓದೋದು. ಒಂದೇ ಕಟ್ಟಳೆ, ಯಾರೂ ಉಪದೇಶ ಮಾಡಬಾರದು. ಮಂಡಕ್ಕಿ ತಿನ್ನಬಹುದು. :) ಒಬ್ಬನಿಗೆ ಅಷ್ಟರಿಂದ ಸಾಲಲಿಲ್ಲ, ಅವನು ನಿಜಕ್ಕೂ ಕುಸಿದಿದ್ದ. ನಾವೇ ಕೂತು 14416ಕ್ಕೆ, ಟೆಲಿ ಮಾನಸ್‌ಗೆ ಫೋನ್ ಮಾಡಿಸಿದ್ವಿ. ಆ ಕಡೆಯವರು ಕನ್ನಡದಲ್ಲೇ, ಅವಸರವಿಲ್ಲದೆ ಮಾತಾಡಿದ್ರು, ಯಾವ ಆಸ್ಪತ್ರೆಗೆ ಹೋಗಬೇಕು ಅಂತಲೂ ಹೇಳಿದ್ರು. ಆ ಸೇವೆ ಶುರುವಾಗಿದ್ದು 2022ರ ಅಕ್ಟೋಬರ್ 10ಕ್ಕೆ. ಒಂದು ವರ್ಷ ಆಗಿದ್ರೂ ನಮ್ಮ ಕಾರ್ಯಾಗಾರದಲ್ಲಿ ಆ ನಂಬರು ಯಾರೂ ಬೋರ್ಡಿನ ಮೇಲೆ ಬರೆದಿರಲಿಲ್ಲ.

ಸರಿ, ಈ ಮಾರ್ಚಿಗೆ ಬರ್ತೀನಿ. ನನಗೆ ಕೊಟ್ಟಿದ್ದು ಇಪ್ಪತ್ತು ನಿಮಿಷ, 'ಯಶಸ್ವಿ ವೃತ್ತಿಜೀವನ' ಅಂತ ವಿಷಯ. ನಾನೂ ಏನೇನೋ ಹೇಳಿದೆ, ಚಪ್ಪಾಳೆ ತಟ್ಟಿದ್ರು. ಪ್ರಶ್ನೆ ಇದ್ರೆ ಕೇಳಿ ಅಂದಾಗ ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು. 'ಮೇಡಂ, ಫೀಲ್ಡಿಂದ ಮನೆಗೆ ಹೋದ್ಮೇಲೆ ನಿದ್ದೆ ಬರದಿದ್ರೆ ಯಾರಿಗೆ ಹೇಳ್ಬೇಕು?'

ಹಾಲ್ ನಿಶ್ಶಬ್ದ. ತಯಾರು ಮಾಡಿಕೊಂಡು ಹೋಗಿದ್ದ ಹಾಳೆಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಪ್ರಾಣಾಯಾಮ ಮಾಡಮ್ಮ ಅನ್ನೋಕೆ ಬಾಯಿ ಬರಲಿಲ್ಲ. ನಾನು 'ಪ್ರದೇಶದ ಪರಿಸ್ಥಿತಿ ಸಹಜವಾಗಿದೆ' ಅಂತ ಬರೆದ ಕಥೆ ಹೇಳಿದೆ. ಮೊದಲನೇ ಸಲ, ಮೈಕಿನಲ್ಲಿ, ಅಷ್ಟು ಜನರ ಎದುರಿಗೆ, ನನ್ನ ಮೇಷ್ಟ್ರೂ ಕೂತಿದ್ದಾಗ. ಕೆಂಪು ಪೆನ್ನಿನ 'ಗುಡ್' ಕೂಡ ಹೇಳಿಬಿಟ್ಟೆ. ಮೇಷ್ಟ್ರು ತಲೆ ತಗ್ಗಿಸಿಕೊಂಡು ಏನೋ ಬರೀತಾ ಇದ್ರು. ಊಟದ ಹೊತ್ತಿಗೆ ಹತ್ರ ಬಂದು, 'ಹೇಳ್ಬಹುದಿತ್ತಲ್ಲಮ್ಮಾ ನೀನು' ಅಂದ್ರು. ಹೇಳೋಕೆ ಟೈಮು ಎಲ್ಲಿತ್ತು ಸಾರ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನನಗೂ ಇರಲಿಲ್ಲ' ಅಂದ್ರು. ಕೇಸರಿಬಾತ್ ತಟ್ಟೆ ಹಿಡಿದುಕೊಂಡು ಇಬ್ಬರೂ ಹಾಗೇ ನಿಂತಿದ್ವಿ.

ಸಂಜೆ ಬಸ್ ಸ್ಟಾಪಿನಲ್ಲಿ ಆ ಹುಡುಗಿ ಸಿಕ್ಕಳು. ಜತೆಗೆ ಇನ್ನಿಬ್ಬರು. ಅವಳ ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಬಿಟ್ಟಳು. ಏನು ಹೇಳಿದಳು ಅಂತ ಇಲ್ಲಿ ಬರೆಯಲ್ಲ, ಅದು ಅವಳದ್ದು. ಬರೋ ಶನಿವಾರ ಐದು ಗಂಟೆಗೆ ಛತ್ರದ ಹತ್ರ ಬರ್ತೀನಿ ಅಂತ ಹೇಳಿ ಬಂದಿದ್ದೀನಿ. ಹೊಳೆ ಈಗ ಇಳಿದಿದೆ, ಕೂರೋಕೆ ಬೇಕಾದಷ್ಟು ಬಂಡೆ ಇವೆ. ಮೇಷ್ಟ್ರಿಗೂ ಹೇಳಿದ್ದೀನಿ, ನೋಡೋಣ ಬರ್ತಾರಾ ಅಂತ.